ಗುಜರಿಯಲ್ಲಿ ಸಿಗುವ ಲೈನ್ ಕಂಡೀಷನರ್ ಹ್ಯಾಮ್ ನಿಲಯಕ್ಕೆ ಎಷ್ಟು ಉಪಯುಕ್ತ? ಮಂಡ್ಯದ ಕರೆಂಟಿನಲ್ಲಿ ಎರಡು ಪೆಟ್ಟಿಗೆಗಳ ಪರೀಕ್ಷೆ

ಕಾರ್ಖಾನೆಗಳು, ಪ್ರಯೋಗಾಲಯಗಳು ಮತ್ತು ಆಸ್ಪತ್ರೆಗಳು ಹಳೆಯ ಯಂತ್ರಗಳನ್ನು ಹೊರಹಾಕುವಾಗ ಅವುಗಳ ಜೊತೆಗೆ ಪವರ್ ಲೈನ್ ಕಂಡೀಷನರುಗಳೂ, ಅಂದರೆ ಮೇನ್ಸಿನಿಂದ (ಗೋಡೆಯ ಸಾಕೆಟ್ಟಿನಿಂದ) ಬರುವ ಕರೆಂಟಿನ ದೋಷಗಳನ್ನು ತಗ್ಗಿಸಿ ಯಂತ್ರಕ್ಕೆ ಕೊಡುವ ಪೆಟ್ಟಿಗೆಗಳೂ, ಹೊರಬೀಳುತ್ತವೆ. ಹೊಸದಾಗಿ ಕೊಳ್ಳಲು ಹೋದರೆ ಹವ್ಯಾಸಿಗಳಿಗೆ ದುಬಾರಿಯಾಗುವ ಈ ಪೆಟ್ಟಿಗೆಗಳು ಮೈಸೂರಿನ ಗುಜರಿ ವ್ಯಾಪಾರಿಗಳ ಬಳಿ ತೂಕದ ಲೆಕ್ಕದಲ್ಲಿ ಸಿಗುತ್ತವೆ. ಅಂಥ ಎರಡನ್ನು ತಂದು, ಮಂಡ್ಯದ ಹೊರವಲಯದಲ್ಲಿರುವ ನನ್ನ ಹ್ಯಾಮ್ (ಹವ್ಯಾಸಿ) ರೇಡಿಯೊ ನಿಲಯದಲ್ಲಿ ಕಬ್ಬು ಅರೆಯುವ ಹಂಗಾಮು ಪೂರ್ತಿ ಬಳಸಿ ನೋಡಿದ್ದೇನೆ. ಒಂದು, 1 ಕೆವಿಎ ಸಾಮರ್ಥ್ಯದ, ಒಳ ಮತ್ತು ಹೊರ ಸುರುಳಿಗಳ ನಡುವೆ ನೇರ ತಂತಿ ಸಂಪರ್ಕವಿಲ್ಲದ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಮಾದರಿಯದು. ಇನ್ನೊಂದು, ಅಷ್ಟೇ ಸಾಮರ್ಥ್ಯದ, ಹೊರಬರುವ ವೋಲ್ಟೇಜನ್ನು ಸ್ಥಿರವಾಗಿಡುವ ಕಾನ್‌ಸ್ಟೆಂಟ್ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್, ಅಂದರೆ ನಮ್ಮಲ್ಲಿ ಎಲ್ಲರೂ ಸಿವಿಟಿ ಎನ್ನುವಂಥದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮೊದಲನೆಯದು ಕೊಟ್ಟ ಹಣಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತದೆ, ಎರಡನೆಯದು ಕೆಲವೇ ಕೆಲಸಗಳಿಗೆ ಹೊಂದುತ್ತದೆ, ಆದರೆ ರಿಸೀವರಿನ ಗದ್ದಲ ಕಡಿಮೆಯಾಗುತ್ತದೆಂಬ ಒಂದೇ ಆಸೆಯಿಂದ ಕೊಳ್ಳುವುದಾದರೆ ಎರಡೂ ಬೇಡ.

ನಮ್ಮ ಭಾಗದ ಕರೆಂಟಿನ ಸ್ವಭಾವವನ್ನು ತಿಳಿಸದಿದ್ದರೆ ಈ ಅಭಿಪ್ರಾಯಕ್ಕೆ ಆಧಾರವಿರುವುದಿಲ್ಲ. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರಿನ ಮೇಲೆ ಮನೆಗಳ ಜೊತೆಗೆ ಒಂದು ಹಿಟ್ಟಿನ ಗಿರಣಿ, ಕೆಲವು ಪಂಪ್‌ಸೆಟ್ಟುಗಳು ಮತ್ತು ಆಲೆಮನೆಯೊಂದರ ಗಾಣದ ಮೋಟಾರು ಇವೆ. ಇಂಡಕ್ಷನ್ ಮೋಟಾರು ಚಾಲೂ ಆಗುವ ಕ್ಷಣದಲ್ಲಿ ತನ್ನ ಪೂರ್ಣ ಹೊರೆಯ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ; ಹಾಗಾಗಿ ಉದ್ದದ ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ 230 ವೋಲ್ಟ್ ಇರಬೇಕಾದದ್ದು ಕೆಲವು ಸೆಕೆಂಡು 180ರ ಹತ್ತಿರ ಇಳಿದು ಮತ್ತೆ ಏರುತ್ತದೆ. ರಾತ್ರಿ ಹತ್ತರ ಮೇಲೆ ಮೋಟಾರುಗಳೆಲ್ಲ ನಿಂತಾಗ ಅದೇ ಲೈನು 250ನ್ನು ದಾಟುವುದೂ ಉಂಟು. ದೂರದ ನಿಲಯಗಳು ಚೆನ್ನಾಗಿ ಕೇಳಿಸುವುದು ರಾತ್ರಿ ಮತ್ತು ಮುಂಜಾನೆಯ ಹೊತ್ತಿನಲ್ಲಾದ್ದರಿಂದ ಈ ಎರಡೂ ತುದಿಗಳನ್ನು ನಮ್ಮ ಉಪಕರಣಗಳು ಸಹಿಸಬೇಕಾಗುತ್ತದೆ.

ಅಂಗಡಿಯ ವಿಷಯ ಚುಟುಕಾಗಿ ಹೇಳುತ್ತೇನೆ. ಮೈಸೂರಿನ ಹೆಬ್ಬಾಳ ಮತ್ತು ಮೇಟಗಳ್ಳಿ ಕೈಗಾರಿಕಾ ಪ್ರದೇಶಗಳ ಹರಾಜಿನಲ್ಲಿ ಸಾಮಾನು ಹಿಡಿದು ಮಾರುವ ವ್ಯಾಪಾರಿಯೊಬ್ಬರ ಬಳಿ ಕೊಂಡೆ. ‘ಮೇಷ್ಟ್ರೇ, ತೂಕಕ್ಕೆ ಕೊಡ್ತೀನಿ, ಗ್ಯಾರಂಟಿ ಮಾತ್ರ ಕೇಳ್ಬೇಡಿ. ಬೇಕಾದ್ರೆ ಇಲ್ಲೇ ಚೆಕ್ ಮಾಡ್ಕೊಳಿ’ ಎಂದು ಅವರಾಗಿಯೇ ಹೇಳಿ, ಸೀರೀಸ್ ಲ್ಯಾಂಪಿನ ಬೋರ್ಡನ್ನೂ ಎದುರಿಗಿಟ್ಟರು. ಗುಜರಿ ವ್ಯಾಪಾರದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಮಾತನ್ನು ನಿರೀಕ್ಷಿಸಲಾಗದು. ಐಸೊಲೇಷನ್ ಮಾದರಿಗೆ 4,200 ರೂಪಾಯಿ, ಸಿವಿಟಿಗೆ 3,000 ರೂಪಾಯಿ ಆಯಿತು. ಎರಡೂ 20 ಕಿಲೊ ಮೀರಿದ ತೂಕದವು. ಬಸ್ಸಿನಲ್ಲಿ ತರುವ ಯೋಚನೆ ಮಾಡಬಾರದು. ಸ್ಥಳದಲ್ಲಿಯೇ ಪರೀಕ್ಷಿಸಲು ಬಿಡದ ಅಂಗಡಿಯಲ್ಲಿ ಇಂಥ ಸಾಮಾನನ್ನು ಕೊಳ್ಳಬಾರದು ಎಂಬುದು ನನ್ನ ಖಚಿತವಾದ ಸಲಹೆ.

ಪರೀಕ್ಷೆಯ ಕ್ರಮವೂ ಮುಖ್ಯ. ಕರೆಂಟು ಕೊಡುವ ಮೊದಲು 500 ವೋಲ್ಟ್ ಮೆಗ್ಗರಿನಿಂದ ಪ್ರೈಮರಿ (ಒಳಬರುವ ಬದಿಯ) ಮತ್ತು ಸೆಕೆಂಡರಿ (ಹೊರಹೋಗುವ ಬದಿಯ) ಸುರುಳಿಗಳ ನಡುವೆ, ಆಮೇಲೆ ಪ್ರತಿ ಸುರುಳಿ ಮತ್ತು ಲೋಹದ ಕವಚದ ನಡುವೆ ನಿರೋಧ ಅಳೆಯಬೇಕು. ಈ ಬಗೆಯ ಪೆಟ್ಟಿಗೆಗಳಲ್ಲಿ ಸೆಕೆಂಡರಿಯ ಒಂದು ತುದಿಯನ್ನು ಒಳಗೇ ಕವಚಕ್ಕೆ ಸೇರಿಸಿರುವುದುಂಟು. ಹಾಗಿದ್ದರೆ ಆ ಜೋಡಣೆಯನ್ನು ಬಿಡಿಸಿಯೇ ಅಳೆಯಬೇಕು. ಮಳೆಗಾಲದಲ್ಲಿ ಬಯಲಿನಲ್ಲಿ ಬಿದ್ದಿದ್ದ ಟ್ರಾನ್ಸ್‌ಫಾರ್ಮರು ತೇವ ಹೀರಿದ್ದರೆ ಇಲ್ಲಿಯೇ ತಿಳಿದುಬಿಡುತ್ತದೆ. ಒಂದು ಮೆಗಾಓಮಿಗಿಂತ ಕಡಿಮೆ ಬಂದದ್ದನ್ನು ಅಲ್ಲಿಯೇ ಬಿಟ್ಟು ಬರಬೇಕು. ಮುಂದಿನ ಹಂತದಲ್ಲಿ 100 ವಾಟಿನ ಹಳೆಯ ಬುರುಡೆ ಬಲ್ಬನ್ನು ಸರಣಿಯಲ್ಲಿಟ್ಟು ಕರೆಂಟು ಕೊಡಬೇಕು. ಐಸೊಲೇಷನ್ ಮಾದರಿಯಲ್ಲಿ ಬಲ್ಬು ಒಮ್ಮೆ ಹೊಳೆದು ಮಂಕಾದರೆ ಸುರುಳಿಗಳು ಸರಿಯಾಗಿವೆ ಎಂದರ್ಥ. ಪೂರ್ಣ ಬೆಳಕಿನಲ್ಲಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಸಿವಿಟಿಯಲ್ಲಿ ಈ ಪರೀಕ್ಷೆ ಗೊಂದಲ ತರುತ್ತದೆ, ಏಕೆಂದರೆ ಹೊರೆಯಿಲ್ಲದಿದ್ದರೂ ಅದು ಸಾಕಷ್ಟು ಕರೆಂಟು ಎಳೆಯುವುದೇ ಸಹಜ. ಅದಕ್ಕೆ ಮೆಗ್ಗರಿನ ಪರೀಕ್ಷೆ ಮುಗಿದ ಮೇಲೆ ಸರಿಯಾದ ಫ್ಯೂಸ್ ಹಾಕಿ ನೇರವಾಗಿ ಕರೆಂಟು ಕೊಟ್ಟು, ಹೊರಬರುವ ವೋಲ್ಟೇಜನ್ನೇ ಅಳೆಯಬೇಕು.

ಐಸೊಲೇಷನ್ ಮಾದರಿಯ ಕವಚ ತೆರೆದರೆ ಮೂರು ಭಾಗಗಳು ಕಾಣುತ್ತವೆ: ಒಳಬರುವ ಕಡೆ ಎಂಓವಿ ಎಂಬ ಬಿಲ್ಲೆಯಾಕಾರದ ಸರ್ಜ್ (ವೋಲ್ಟೇಜಿನ ಕ್ಷಣಿಕ ಜಿಗಿತ) ತಡೆಗಳು, ನಡುವೆ ಎರಡು ಸುರುಳಿಗಳ ಮಧ್ಯೆ ತಾಮ್ರದ ಹಾಳೆಯ ಪರದೆಯಿರುವ ಟ್ರಾನ್ಸ್‌ಫಾರ್ಮರು, ಹೊರಹೋಗುವ ಕಡೆ ಕೆಪಾಸಿಟರು ಮತ್ತು ಚೋಕುಗಳ ಫಿಲ್ಟರು. ಟ್ರಾನ್ಸ್‌ಫಾರ್ಮರಿಗೆ ವಯಸ್ಸಿನ ಚಿಂತೆಯಿಲ್ಲ, ಎಂಓವಿಗಳಿಗೆ ಇದೆ. ಪ್ರತಿಯೊಂದು ಸರ್ಜನ್ನು ನುಂಗಿದಾಗಲೂ ಅವು ಸ್ವಲ್ಪ ಸವೆಯುತ್ತವೆ, ಮತ್ತು ಅವುಗಳ ಹಿಂದಿನ ಚರಿತ್ರೆ ನಮಗೆ ತಿಳಿಯುವಂತಿಲ್ಲ. ಹೀಗಾಗಿ ನೋಡಲು ಚೆನ್ನಾಗಿದ್ದರೂ ಎಲ್ಲವನ್ನೂ ಬದಲಾಯಿಸುವುದೇ ಸರಿ, ಖರ್ಚೇನೂ ಹೆಚ್ಚಿಲ್ಲ. 275 ವೋಲ್ಟ್ ಎಸಿ ದರ್ಜೆಯವು ಎಲ್ಲ ಅಂಗಡಿಗಳಲ್ಲಿ ಸಿಗುತ್ತವೆಯಾದರೂ, ರಾತ್ರಿಯ ಏರಿಕೆ ಇರುವ ನಮ್ಮಂಥ ಕಡೆಗಳಿಗೆ 320 ವೋಲ್ಟ್ ಎಸಿ ದರ್ಜೆಯವನ್ನು ನಾನು ಆರಿಸುತ್ತೇನೆ. ಲೈನಿನ ನಿತ್ಯದ ಏರಿಳಿತಕ್ಕೇ ಎಂಓವಿ ಬಿಸಿಯಾಗುವಂತಿದ್ದರೆ ಅದರಿಂದ ರಕ್ಷಣೆಯಾಗುವುದಿಲ್ಲ, ಬೆಂಕಿಯ ಅಪಾಯವೇ ಹೆಚ್ಚು.

ಸಾಮರ್ಥ್ಯದ ಲೆಕ್ಕ ಹೀಗೆ. 100 ವಾಟ್ ಹೊರಸೂಸುವ ಸಾಮಾನ್ಯ ಎಚ್‌ಎಫ್ ರಿಗ್ಗು (ಶಾರ್ಟ್‌ವೇವ್ ಪ್ರಸಾರ-ಗ್ರಹಣ ಯಂತ್ರ) ಪೂರ್ಣ ಶಕ್ತಿಯಲ್ಲಿ 13.8 ವೋಲ್ಟಿನಲ್ಲಿ 22 ಆಂಪಿಯರ್‌ನಷ್ಟು ಎಳೆಯುತ್ತದೆ, ಅಂದರೆ ಸುಮಾರು 300 ವಾಟ್. ಮೇನ್ಸನ್ನು ಆ ವೋಲ್ಟೇಜಿಗೆ ಇಳಿಸಿ ಡಿಸಿ ಮಾಡಿಕೊಡುವ ಎಸ್‌ಎಂಪಿಎಸ್‌ನ ದಕ್ಷತೆ ಶೇ. 85 ಎಂದಿಟ್ಟುಕೊಂಡರೆ ಮೇನ್ಸಿನಿಂದ 360 ವಾಟಿನ ಸಮೀಪ ಬೇಕು. ಪವರ್ ಫ್ಯಾಕ್ಟರ್ ತಿದ್ದುಪಡಿ ಇಲ್ಲದ ಎಸ್‌ಎಂಪಿಎಸ್ ಅಲೆಯ ಶಿಖರದಲ್ಲಷ್ಟೇ ಕರೆಂಟು ಎಳೆಯುವುದರಿಂದ ಅದು ಟ್ರಾನ್ಸ್‌ಫಾರ್ಮರಿನ ಪಾಲಿಗೆ 550 ವಿಎ ಹೊರೆಯಾಗುತ್ತದೆ. ಇದಕ್ಕೆ ಕಂಪ್ಯೂಟರು ಮತ್ತು ಮಾನಿಟರನ್ನು ಸೇರಿಸಿದರೂ 1 ಕೆವಿಎ ಪೆಟ್ಟಿಗೆ ಆರಾಮವಾಗಿ ಹೊರುತ್ತದೆ. ಮಾತಿನ ಎಸ್‌ಎಸ್‌ಬಿಯಲ್ಲಿ ಸರಾಸರಿ ಹೊರೆ ಕಡಿಮೆ, ಕಂಪ್ಯೂಟರಿನ ಡಿಜಿಟಲ್ ಸಂದೇಶಗಳ ವಿಧಾನವಾದ ಎಫ್‌ಟಿ8ನಲ್ಲಿ ಹಾಗಲ್ಲ. ಪ್ರತಿ 15 ಸೆಕೆಂಡಿನ ಸರದಿಯಲ್ಲಿ 12.64 ಸೆಕೆಂಡು ರಿಗ್ಗು ಪೂರ್ಣ ಶಕ್ತಿಯಲ್ಲಿ ಪ್ರಸಾರ ಮಾಡುತ್ತದೆ. ಆದ್ದರಿಂದ ಬಿಸಿಯ ಪರೀಕ್ಷೆಯನ್ನು ಎಫ್‌ಟಿ8ನಲ್ಲಿಯೇ ಮಾಡಿದೆ. ಸಂಜೆಯುದ್ದಕ್ಕೂ ಬಳಸಿದ ಮೇಲೆ ಕವಚದ ಮೇಲೆ ಅಂಗೈ ಇಟ್ಟುಕೊಂಡೇ ಇರಬಹುದಾದಷ್ಟು ಬೆಚ್ಚಗಿತ್ತು. ಪ್ರಸಾರದ ಹೊತ್ತಿನಲ್ಲಿ ಹೊರಬದಿಯ ವೋಲ್ಟೇಜು 236ರಿಂದ 231ಕ್ಕೆ ಇಳಿಯಿತು. ಗುಜರಿಯಿಂದ ಬಂದ ಟ್ರಾನ್ಸ್‌ಫಾರ್ಮರಿಗೆ ಇದು ಬಹಳ ಒಳ್ಳೆಯ ಫಲಿತಾಂಶ.

ಒಂದು ಕಿರಿಕಿರಿಯಿದೆ. ಸ್ವಿಚ್ ಹಾಕಿದ ಕ್ಷಣದಲ್ಲಿ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಕಾಂತೀಯವಾಗಿ ಸಂತೃಪ್ತವಾಗಿ, ಅಂದರೆ ಇನ್ನಷ್ಟು ಕಾಂತಪ್ರವಾಹ ಹಿಡಿಯಲಾರದೆ, ಒಮ್ಮೆಗೇ ಭಾರಿ ಕರೆಂಟು ಎಳೆಯುವುದರಿಂದ ಮನೆಯ ಬಿ ದರ್ಜೆಯ ಎಂಸಿಬಿ (ಹೆಚ್ಚು ಕರೆಂಟು ಹರಿದರೆ ತಾನೇ ಕಡಿಯುವ ಸ್ವಿಚ್) ಆಗಾಗ ಬಿದ್ದುಬಿಡುತ್ತದೆ. ಆ ಸರ್ಕ್ಯೂಟಿಗೆ ಕ್ಷಣಿಕ ಏರಿಕೆಯನ್ನು ಹೆಚ್ಚು ಸಹಿಸುವ ಸಿ ದರ್ಜೆಯ ಎಂಸಿಬಿ ಹಾಕಿಸಿದರೆ ಈ ತೊಂದರೆ ನಿಲ್ಲುತ್ತದೆ.

ಈ ಪೆಟ್ಟಿಗೆ ವೋಲ್ಟೇಜನ್ನು ಸ್ಥಿರಗೊಳಿಸುವುದಿಲ್ಲ ಎಂಬುದನ್ನು ಕೊಳ್ಳುವವರು ಸ್ಪಷ್ಟವಾಗಿ ತಿಳಿದಿರಬೇಕು. ಒಳಗೆ 180 ಬಂದರೆ ಹೊರಗೂ 180ರ ಆಸುಪಾಸೇ ಹೋಗುತ್ತದೆ. ಹಾಗಾದರೆ ಅದರಿಂದ ಏನು ದೊರೆಯಿತು ಎಂದರೆ, ಮೊದಲನೆಯದಾಗಿ ನ್ಯೂಟ್ರಲ್ಲಿನ ತೊಂದರೆ ಕೊನೆಗೊಂಡಿತು. ಹಳ್ಳಿಯ ಲೈನುಗಳಲ್ಲಿ ಮೂರು ಫೇಸುಗಳ ಹೊರೆ ಸಮನಾಗಿಲ್ಲದಾಗ ನ್ಯೂಟ್ರಲ್ ಮತ್ತು ಅರ್ಥಿನ ನಡುವೆ ಹತ್ತಾರು ವೋಲ್ಟ್ ಕಾಣಿಸುವುದು ಸಾಮಾನ್ಯ. ಸೆಕೆಂಡರಿಯ ಒಂದು ತುದಿಯನ್ನು ಪೆಟ್ಟಿಗೆಯಲ್ಲಿಯೇ ಅರ್ಥಿಗೆ ಸೇರಿಸಿ ಹೊಸ ನ್ಯೂಟ್ರಲ್ ಮಾಡಿಕೊಂಡ ಮೇಲೆ ಆ ವ್ಯತ್ಯಾಸ ಸೊನ್ನೆಗೆ ಬಂತು. ಎರಡನೆಯದಾಗಿ, ಕಂಪ್ಯೂಟರಿನಿಂದ ರಿಗ್ಗಿಗೆ ಹೋಗುವ ಧ್ವನಿಯ ತಂತಿಯಲ್ಲಿ ಕೇಳುತ್ತಿದ್ದ 50 ಹರ್ಟ್ಸಿನ ಗುಂಯ್‌ಗುಡುವಿಕೆ ಪೂರ್ತಿಯಾಗಿ ಹೋಯಿತು. ಇದರ ಶ್ರೇಯಸ್ಸನ್ನು ಟ್ರಾನ್ಸ್‌ಫಾರ್ಮರಿಗೆ ಮಾತ್ರ ಕೊಡುವುದು ಸರಿಯಲ್ಲ. ರಿಗ್ಗಿನ ಎಸ್‌ಎಂಪಿಎಸ್, ಕಂಪ್ಯೂಟರು, ಮಾನಿಟರು ಮೂರನ್ನೂ ಒಂದೇ ಸಾಕೆಟ್ ಪಟ್ಟಿಗೆ ತಂದು, ಮೂರಕ್ಕೂ ಒಂದೇ ಅರ್ಥ್ ಬಿಂದು ಕೊಟ್ಟದ್ದು ಅರ್ಧದಷ್ಟು ಕೆಲಸ ಮಾಡಿದೆ. ಕಂಡೀಷನರ್ ಕೊಳ್ಳದೆಯೂ ಇಷ್ಟನ್ನು ಮಾಡಬಹುದು. ಮೊದಲು ಅದನ್ನೇ ಮಾಡಿ ನೋಡಬೇಕು.

ಈಗ ಸಿವಿಟಿಯ ಕಡೆಗೆ ಬರುತ್ತೇನೆ. 1938ರಲ್ಲಿ ಅಮೆರಿಕದ ಜೋಸೆಫ್ ಸೋಲಾ ರೂಪಿಸಿದ ಈ ಟ್ರಾನ್ಸ್‌ಫಾರ್ಮರಿನಲ್ಲಿ ಚಲಿಸುವ ಭಾಗವಾಗಲಿ ಅರೆವಾಹಕವಾಗಲಿ ಇಲ್ಲ. ಸೆಕೆಂಡರಿಯ ಒಂದು ಸುರುಳಿಗೆ ಕೆಪಾಸಿಟರು ಸೇರಿಸಿ ಮೇನ್ಸಿನ ಆವರ್ತಕ್ಕೆ (ಫ್ರೀಕ್ವೆನ್ಸಿಗೆ) ಅನುರಣಿಸುವಂತೆ (ರೆಸೊನೆನ್ಸ್ ಆಗುವಂತೆ) ಮಾಡುತ್ತಾರೆ. ಆಗ ತಿರುಳಿನ ಆ ಭಾಗ ಸದಾ ಕಾಂತೀಯ ಸಂತೃಪ್ತಿಯಲ್ಲಿರುತ್ತದೆ. ಸಂತೃಪ್ತವಾದ ತಿರುಳಿನಲ್ಲಿ ಕಾಂತಪ್ರವಾಹ ಹೆಚ್ಚು ಏರಲಾರದು, ಇಳಿಯುವುದನ್ನು ಅನುರಣನ ತಡೆಯುತ್ತದೆ; ಹಾಗಾಗಿ ಒಳಬರುವ ವೋಲ್ಟೇಜು ಶೇ. 15ರಷ್ಟು ಏರಿಳಿದರೂ ಹೊರಬರುವುದು ಶೇ. 3ರೊಳಗೆ ನಿಲ್ಲುತ್ತದೆ. ಗಾಣದ ಮೋಟಾರು ಚಾಲೂ ಆಗುವಾಗ ಒಳಬದಿಯ ಮೀಟರಿನ ಮುಳ್ಳು ಕುಸಿಯುತ್ತಿದ್ದರೂ ಹೊರಬದಿಯ ಮುಳ್ಳು ಅಲುಗದೆ ನಿಂತದ್ದನ್ನು ನೋಡಿದಾಗ, ಇಷ್ಟು ಸರಳವಾದ ಉಪಾಯವನ್ನು ಎಂಟು ದಶಕಗಳ ಹಿಂದೆಯೇ ಕಂಡುಕೊಂಡವರ ಬಗ್ಗೆ ನನಗೆ ನಿಜವಾದ ಗೌರವ ಹುಟ್ಟಿತು.

ಆದರೂ ಪ್ರಸಾರ ಮಾಡುವ ನಿಲಯದ ಮುಖ್ಯ ಹೊರೆಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ, ಮತ್ತು ಅದಕ್ಕೆ ಹಲವು ಕಾರಣಗಳಿವೆ. ಹಳೆಯ ಸರಳ ಸಿವಿಟಿಗಳಿಂದ ಹೊರಬರುವುದು ಶುದ್ಧ ಸೈನ್ ಅಲೆಯಲ್ಲ, ತಲೆ ಚಪ್ಪಟೆಯಾದ ಅಲೆ. ಮೀಟರಿನಲ್ಲಿ 230 ತೋರಿಸಿದರೂ ಅದರ ಶಿಖರ ಸೈನ್ ಅಲೆಯ 325 ವೋಲ್ಟನ್ನು ಮುಟ್ಟುವುದಿಲ್ಲ. ದೊಡ್ಡ ಟ್ರಾನ್ಸ್‌ಫಾರ್ಮರು, ಬ್ರಿಡ್ಜ್ ಮತ್ತು ಕೆಪಾಸಿಟರು ಇರುವ ಹಳೆಯ ಲೀನಿಯರ್ ಪವರ್ ಸಪ್ಲೈ ಆ ಶಿಖರವನ್ನೇ ನಂಬಿಕೊಂಡಿರುತ್ತದೆ. ಶಿಖರ ತಗ್ಗಿದರೆ ರೆಗ್ಯುಲೇಟರಿಗೆ ಬೇಕಾದಷ್ಟು ವೋಲ್ಟೇಜು ಉಳಿಯದೆ, ಪೂರ್ಣ ಶಕ್ತಿಯಲ್ಲಿ ಮಾತಾಡುವಾಗ ನಮ್ಮ ಸಂಕೇತದಲ್ಲಿ 100 ಹರ್ಟ್ಸಿನ ಗುಂಯ್‌ಗುಡುವಿಕೆ ಸೇರಿಕೊಳ್ಳುತ್ತದೆ. ಹಾರ್ಮೋನಿಕ್ ತಿದ್ದುವ ಹೆಚ್ಚುವರಿ ಸುರುಳಿಯಿರುವ, ಸೈನ್ ಅಲೆಯ ಸಿವಿಟಿಗಳಲ್ಲಿ ಈ ದೋಷವಿಲ್ಲ. ಆದರೆ ನಾಮಫಲಕದಲ್ಲಿ ಅದನ್ನು ಬರೆದಿರದಿದ್ದರೆ ಆಸಿಲೊಸ್ಕೋಪಿನಲ್ಲಿ ನೋಡದೆ ಗುರುತಿಸಲಾಗದು.

ಎರಡನೆಯ ತೊಡಕು ಹೊರೆಯ ಏರಿಳಿತಕ್ಕೆ ಸಂಬಂಧಿಸಿದ್ದು. ಎಸ್‌ಎಸ್‌ಬಿಯಲ್ಲಿ ಪ್ರತಿ ಉಚ್ಚಾರಕ್ಕೂ ಹೊರೆ ಏರಿಳಿಯುತ್ತದೆ, ಸಿವಿಟಿಗೆ ಸರಿದೂಗಿಸಿಕೊಳ್ಳಲು ಎಸಿ ಅಲೆಯ ಒಂದೆರಡು ಸುತ್ತುಗಳ ಸಮಯ, ಅಂದರೆ ಸುಮಾರು 30 ಮಿಲಿಸೆಕೆಂಡು ಬೇಕು. ತನ್ನ ಸಾಮರ್ಥ್ಯದ ಒಂದೂವರೆ ಪಟ್ಟಿನ ಆಚೆಗೆ ಹೊರೆ ಬಿದ್ದರೆ ಅದರ ಅನುರಣನವೇ ಮುರಿದು ವೋಲ್ಟೇಜು ಕುಸಿಯುತ್ತದೆ. ಶಾರ್ಟ್ ಸರ್ಕ್ಯೂಟಿನಿಂದ ಹಾಳಾಗದಿರಲು ಇದೇ ಗುಣ ಕಾರಣವಾದರೂ, ಪ್ರಸಾರದ ಶಕ್ತಿ ಹೆಚ್ಚಿಸಲು ಲೀನಿಯರ್ ಆಂಪ್ಲಿಫಯರ್ ಬಳಸುವವರಿಗೆ ಇದೇ ಅಡ್ಡಿ. ಪವರ್ ಫ್ಯಾಕ್ಟರ್ ತಿದ್ದುಪಡಿಯುಳ್ಳ ಹೊಸ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಸಿವಿಟಿಯ ಜೊತೆ ಹೊಂದದೆ ವೋಲ್ಟೇಜು ಓಲಾಡುವುದೂ ಉಂಟು.

ಮೂರನೆಯದು ವ್ಯರ್ಥವಾಗುವ ವಿದ್ಯುತ್ತು. ತಿರುಳು ಸದಾ ಸಂತೃಪ್ತವಾಗಿರುವುದರಿಂದ ಹೊರೆ ಇಲ್ಲದಿದ್ದರೂ ಸಿವಿಟಿ ಬಿಸಿಯಾಗುತ್ತದೆ. ನನ್ನದು ಏನನ್ನೂ ಜೋಡಿಸದಿದ್ದಾಗಲೇ 120 ವಾಟಿನ ಹತ್ತಿರ ಎಳೆಯುತ್ತದೆ. ದಿನವಿಡೀ ಬಿಟ್ಟರೆ ಸುಮಾರು ಮೂರು ಯೂನಿಟ್, ತಿಂಗಳಿಗೆ 86 ಯೂನಿಟ್ ಆಗುತ್ತದೆ. ಅಂಥದನ್ನು ಮನೆಯ ಇನ್ವರ್ಟರಿನ ಲೈನಿಗೆ ಸೇರಿಸಿದರೆ ಕರೆಂಟು ಹೋದಾಗ ಬ್ಯಾಟರಿಯ ಬಹುಪಾಲನ್ನು ಸಿವಿಟಿಯೇ ಬಿಸಿಯಾಗಿ ಕಳೆದುಬಿಡುತ್ತದೆ. ಇದರ ಜೊತೆಗೆ ಅದರ ಶಬ್ದ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಜೇನುಗೂಡಿನ ಪಕ್ಕ ಕುಳಿತ ಹಾಗೆ ನಿಲ್ಲದ ಝೇಂಕಾರ, ಅದನ್ನು ಮೈಕು ಸಲೀಸಾಗಿ ಹಿಡಿಯುತ್ತದೆ. ಸುತ್ತಲೂ ಚೆಲ್ಲುವ ಕಾಂತಕ್ಷೇತ್ರ ಡೈನಮಿಕ್ ಮೈಕಿನ ಸುರುಳಿಗೂ ಆಡಿಯೊ ಟ್ರಾನ್ಸ್‌ಫಾರ್ಮರಿಗೂ ತಟ್ಟುತ್ತದೆ. ಮೇಜಿನಿಂದ ಒಂದೂವರೆ ಮೀಟರಾದರೂ ದೂರ, ಸಾಧ್ಯವಾದರೆ ಗೋಡೆಯಾಚೆ ಇಡುವುದು ವಾಸಿ.

ಆವರ್ತದ ವಿಚಾರಕ್ಕೆ ಹೆಚ್ಚಿನ ಗಮನ ಬೇಕು, ಏಕೆಂದರೆ ಗುಜರಿಯಲ್ಲಿ ಅಮೆರಿಕದಿಂದ ಯಂತ್ರಗಳ ಜೊತೆ ಬಂದ ಪೆಟ್ಟಿಗೆಗಳೂ ಇರುತ್ತವೆ. ಅಮೆರಿಕದ ವಿದ್ಯುತ್ತು 60 ಹರ್ಟ್ಸಿನದು, ನಮ್ಮದು 50. ಸಿವಿಟಿ ಅನುರಣನವನ್ನೇ ಆಧರಿಸಿರುವುದರಿಂದ ಆವರ್ತ ಶೇ. 1ರಷ್ಟು ಬದಲಾದರೆ ಹೊರಬರುವ ವೋಲ್ಟೇಜು ಸುಮಾರು ಶೇ. 1.5ರಷ್ಟು ಬದಲಾಗುತ್ತದೆ. ನಮ್ಮ ಗ್ರಿಡ್ಡಿನ ಆವರ್ತವನ್ನು 49.90ರಿಂದ 50.05 ಹರ್ಟ್ಸಿನ ಪಟ್ಟಿಯೊಳಗೆ ಇರಿಸುವುದು ನಿಯಮವಾಗಿರುವ ಕಾರಣ 50 ಹರ್ಟ್ಸಿನ ಸಿವಿಟಿಗೆ ಇಲ್ಲಿ ಚಿಂತೆಯಿಲ್ಲ; 60 ಹರ್ಟ್ಸಿನದಕ್ಕೆ ಇಲ್ಲಿ ಬಳಕೆಯೇ ಇಲ್ಲ. ಹ್ಯಾಮ್‌ಗಳು ಬಯಲಿನಲ್ಲಿ ನಿಲಯ ಹೂಡುವ ಫೀಲ್ಡ್ ಡೇಗೆ ಒಯ್ಯುವ ಸಣ್ಣ ಜನರೇಟರಿನ ಜೊತೆಗೂ ಸಿವಿಟಿ ಸಲ್ಲದು, ಏಕೆಂದರೆ ಹೊರೆ ಬದಲಾದಂತೆ ಅದರ ಆವರ್ತ 48ಕ್ಕೂ 52ಕ್ಕೂ ಓಡಾಡುತ್ತದೆ. ಐಸೊಲೇಷನ್ ಮಾದರಿಯಲ್ಲಿ ಸ್ವಲ್ಪ ಸಡಿಲವಿದೆ. 60 ಹರ್ಟ್ಸಿನಲ್ಲಿ 240 ವೋಲ್ಟಿಗೆ ಸುತ್ತಿದ ಸುರುಳಿಯನ್ನು 50 ಹರ್ಟ್ಸಿನಲ್ಲಿ 200 ವೋಲ್ಟಿನವರೆಗೆ ಬಳಸಬಹುದು. 230 ಕೊಟ್ಟರೆ ತಿರುಳು ಮಿತಿ ಮೀರಿ ಬಿಸಿಯಾಗುತ್ತದೆ. ಹೊರಬದಿ 120 ವೋಲ್ಟಿನದಾಗಿದ್ದರೆ ಅದಕ್ಕೆ ನಮ್ಮ ಮೂರು ಪಿನ್ನಿನ ಸಾಕೆಟ್ ಹಾಕಬಾರದು. ಆವರ್ತದ ಈ ಭಿನ್ನತೆ ನಮ್ಮ ಜಿಲ್ಲೆಗೆ ಹೊಸದೇನೂ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿಸಿದ ವಿದ್ಯುತ್ತು 25 ಹರ್ಟ್ಸಿನದಾಗಿತ್ತು. ಅದಕ್ಕೆಂದು ಮಾಡಿದ ಟ್ರಾನ್ಸ್‌ಫಾರ್ಮರುಗಳು ಅದೇ ಸಾಮರ್ಥ್ಯದ ಈಗಿನವಕ್ಕಿಂತ ಬಹಳ ದೊಡ್ಡವಾಗಿರಬೇಕಾಗಿತ್ತು.

ಹಳೆಯ ಸಿವಿಟಿಯ ಕೆಪಾಸಿಟರಿನ ಬಗ್ಗೆ ಎಚ್ಚರಿಕೆಯ ಎರಡು ಮಾತು. ಅದರ ಎರಡು ತುದಿಗಳ ನಡುವೆ ಮೇನ್ಸಿಗಿಂತ ಬಹಳ ಹೆಚ್ಚಿನ, 600 ವೋಲ್ಟಿನ ಆಸುಪಾಸಿನ ಎಸಿ ಇರುತ್ತದೆ. ಕವಚ ತೆರೆಯುವವರು ಪ್ಲಗ್ ಕಿತ್ತು, ಅದನ್ನು ಡಿಸ್ಚಾರ್ಜ್ ಮಾಡಿಯೇ ಕೈಹಾಕಬೇಕು. 1970ರ ದಶಕದ ಕೊನೆಯವರೆಗೆ ತಯಾರಾದ ಎಣ್ಣೆಯ ಕೆಪಾಸಿಟರುಗಳಲ್ಲಿ ಪಿಸಿಬಿ ಎಂಬ ವಿಷಕಾರಿ ಎಣ್ಣೆ ಇರುವ ಸಾಧ್ಯತೆಯಿದೆ, ಸೋರುತ್ತಿರುವುದನ್ನು ಮುಟ್ಟಲೇಬಾರದು. ವೋಲ್ಟೇಜು ಸ್ಥಿರವಾಗಿದ್ದರೂ ಕಡಿಮೆ ಬರುತ್ತಿದ್ದರೆ ಕೆಪಾಸಿಟರಿನ ಧಾರಣಶಕ್ತಿ ಕುಗ್ಗಿದೆಯೆಂದು ತಿಳಿದು, ಮೊದಲಿನಷ್ಟೇ ಮೈಕ್ರೊಫ್ಯಾರಡ್ ಮತ್ತು ಅಷ್ಟೇ ಎಸಿ ದರ್ಜೆಯದನ್ನು ಹಾಕಿಸಬೇಕು.

ಹ್ಯಾಮ್ ಗೆಳೆಯರು ಹೆಚ್ಚಾಗಿ ಕೇಳುವುದು ಗದ್ದಲದ ವಿಷಯವನ್ನೇ. ತಯಾರಕರ ಕಾಗದಗಳಲ್ಲಿ ಇಂಥ ಟ್ರಾನ್ಸ್‌ಫಾರ್ಮರುಗಳು ಕಾಮನ್ ಮೋಡ್ ಗದ್ದಲವನ್ನು (ಲೈನು ಮತ್ತು ನ್ಯೂಟ್ರಲ್ ಎರಡರಲ್ಲೂ ಒಂದೇ ರೀತಿ ಬರುವುದನ್ನು) 120 ಡೆಸಿಬೆಲ್ ತಗ್ಗಿಸುತ್ತವೆ ಎಂದಿರುತ್ತದೆ. ಅದು ಸುಳ್ಳಲ್ಲ, ಆದರೆ ಅಂಥ ಅಂಕಿಗಳು ಅನ್ವಯಿಸುವುದು ಸಾಮಾನ್ಯವಾಗಿ ಕೆಳ ಆವರ್ತಗಳಿಗೆ, ಅದೂ ಪ್ರಯೋಗಾಲಯದ ಜೋಡಣೆಯಲ್ಲಿ. 7 ಮೆಗಾಹರ್ಟ್ಸಿನಲ್ಲಿಯೂ ಅದರ ಮೇಲೂ ಒಳಬರುವ ತಂತಿ ಹೊರಹೋಗುವ ತಂತಿಯ ಪಕ್ಕದಲ್ಲಿ ಒಂದಿಷ್ಟು ದೂರ ಸಾಗಿದರೆ ಸಾಕು, ಗದ್ದಲ ಟ್ರಾನ್ಸ್‌ಫಾರ್ಮರನ್ನು ಸುತ್ತುಹಾಕಿ ಆಚೆಗೆ ದಾಟುತ್ತದೆ. ಅದಕ್ಕಿಂತ ಮುಖ್ಯವಾದದ್ದು, ನಮ್ಮ ರಿಸೀವರಿಗೆ ಗದ್ದಲ ಬರುವುದು ಬಹುಪಾಲು ಪವರ್ ಕಾರ್ಡಿನ ಮೂಲಕ ಅಲ್ಲ, ಆಂಟೆನಾದ ಮೂಲಕ. ಎಲ್‌ಇಡಿ ಬಲ್ಬಿನ ಡ್ರೈವರು, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರು, ಸೋಲಾರ್ ಇನ್ವರ್ಟರು ಇವು ಮನೆಯ ವೈರಿಂಗನ್ನೇ ಆಂಟೆನಾ ಮಾಡಿಕೊಂಡು ಗದ್ದಲವನ್ನು ಗಾಳಿಗೆ ಬಿಡುತ್ತವೆ. ತಂತಿಯ ಆಂಟೆನಾ ಮತ್ತು ಅದರಿಂದ ರಿಗ್ಗಿಗೆ ಬರುವ ಕೋಆಕ್ಸ್ ಕೇಬಲ್ಲಿನ ಹೊರ ಹೆಣಿಗೆ ಅದನ್ನು ಹಿಡಿಯುತ್ತವೆ. ಈ ದಾರಿಯಲ್ಲಿ ಕಂಡೀಷನರಿಗೆ ಪಾತ್ರವೇ ಇಲ್ಲ.

ಇದನ್ನು ಊಹೆಗೆ ಬಿಡದೆ ಪರೀಕ್ಷಿಸಿದ್ದೇನೆ. ಸಂಜೆ 40 ಮೀಟರ್ (7 ಮೆಗಾಹರ್ಟ್ಸ್) ಬ್ಯಾಂಡಿನಲ್ಲಿ ರಿಗ್ಗನ್ನು ನೇರವಾಗಿ ಮೇನ್ಸಿಗೆ ಕೊಟ್ಟಾಗ ಬರುವ ಸಂಕೇತದ ಬಲ ತೋರಿಸುವ ಎಸ್ ಮೀಟರಿನಲ್ಲಿ ಗದ್ದಲ ಎಸ್7 ಇತ್ತು. ಐಸೊಲೇಷನ್ ಕಂಡೀಷನರಿನ ಮೂಲಕ ಕೊಟ್ಟಾಗಲೂ ಎಸ್7 ಬಿಟ್ಟು ಕದಲಲಿಲ್ಲ, ಸಿವಿಟಿಯ ಮೂಲಕವೂ ಅಷ್ಟೇ. ರಿಗ್ಗನ್ನು 12 ವೋಲ್ಟಿನ ಬ್ಯಾಟರಿಗೆ ಜೋಡಿಸಿ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿದಾಗ ಎಸ್4ಕ್ಕೆ ಬಂತು. ಒಂದು ಎಸ್ ಅಂಕಕ್ಕೆ 6 ಡೆಸಿಬೆಲ್ ಎಂಬ ಲೆಕ್ಕದಲ್ಲಿ 18 ಡೆಸಿಬೆಲ್ ಗದ್ದಲ ನಮ್ಮ ಮನೆಯೊಳಗಿನದೇ ಆಗಿತ್ತು. ಆಮೇಲೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತುತ್ತಾ ಹೋದಾಗ, ಹಜಾರದ ಎರಡು ಅಗ್ಗದ ಎಲ್‌ಇಡಿ ಬಲ್ಬುಗಳು ಮತ್ತು ಒಂದು ಮೊಬೈಲ್ ಚಾರ್ಜರು ಮುಖ್ಯ ಮೂಲಗಳೆಂದು ಗೊತ್ತಾಯಿತು. ಅವನ್ನು ಬದಲಾಯಿಸಿ, ಎಸ್‌ಎಂಪಿಎಸ್‌ನ ಮೇನ್ಸ್ ತಂತಿಯನ್ನು ಗದ್ದಲ ತಡೆಯುವ, 31 ಎಂಬ ಮಿಶ್ರಣದ ದೊಡ್ಡ ಫೆರೈಟ್ ಬಳೆಯ ಮೇಲೆ ಹತ್ತು ಸುತ್ತು ಸುತ್ತಿ, ಕೋಆಕ್ಸಿಗೂ ಅಂಥದೇ ಚೋಕು ಹಾಕಿದ ಮೇಲೆ ಮೇನ್ಸಿನಲ್ಲಿಯೇ ಎಸ್4ರ ಸಮೀಪ ನಿಂತಿತು. ಗದ್ದಲದಿಂದ ಬೇಸತ್ತವರು ಕಂಡೀಷನರಿಗೆ ಹಣ ತೆಗೆಯುವ ಮುನ್ನ ಬ್ಯಾಟರಿಯ ಈ ಪರೀಕ್ಷೆ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ; ಇದಕ್ಕೆ ಖರ್ಚೇ ಇಲ್ಲ. ಮೇನ್ ಆರಿಸಿದರೂ ಗದ್ದಲ ಇಳಿಯದಿದ್ದರೆ ಮೂಲ ಹೊರಗಿದೆ, ಬಹುಶಃ ಧೂಳು ಕೂತ ಇನ್ಸುಲೇಟರಿನಲ್ಲೋ ನೆರೆಮನೆಯ ಇನ್ವರ್ಟರಿನಲ್ಲೋ ಇದೆ.

ವೋಲ್ಟೇಜಿನ ಇಳಿತಕ್ಕೆ ಏನು ಮಾಡುವುದು ಎಂಬ ಪ್ರಶ್ನೆ ಉಳಿಯುತ್ತದೆ. ಊರಿನಲ್ಲಿ ಎಲ್ಲರೂ ಸೂಚಿಸುವುದು ಸರ್ವೊ ಸ್ಟೆಬಿಲೈಸರನ್ನು. ಅದು ವೋಲ್ಟೇಜನ್ನು ಚೆನ್ನಾಗಿಯೇ ಕಾಯುತ್ತದೆ, ಆದರೆ ಕಾರ್ಬನ್ ಬ್ರಷ್ಷು ಸುರುಳಿಯ ಮೇಲೆ ಜಾರುವಾಗ ಹುಟ್ಟುವ ಕಿಡಿ ರಿಸೀವರಿನಲ್ಲಿ ಗರಗರ ಕೇಳುತ್ತದೆ. ರಿಲೇ ಸ್ಟೆಬಿಲೈಸರು ಪ್ರತಿ ಮೆಟ್ಟಿಲಿಗೂ ಟಕ್ ಎಂದು ಕ್ಷಣಮಾತ್ರ ಕರೆಂಟು ಕಡಿಯುತ್ತದೆ. ನನ್ನ ಅನುಭವದಲ್ಲಿ ಅತ್ಯುತ್ತಮ ಪರಿಹಾರ ಮೇನ್ಸಿನ ಬದಿಯಲ್ಲಿಲ್ಲ, 13.8 ವೋಲ್ಟಿನ ಬದಿಯಲ್ಲಿದೆ. ಎಸ್‌ಎಂಪಿಎಸ್ ಮತ್ತು ರಿಗ್ಗಿನ ನಡುವೆ ಒಂದು ಲೆಡ್ ಆಸಿಡ್ ಬ್ಯಾಟರಿಯನ್ನು 13.6 ವೋಲ್ಟಿನಲ್ಲಿ ಫ್ಲೋಟ್ (ಸದಾ ಪೂರ್ಣ ಚಾರ್ಜ್) ಇರಿಸಿದರೆ ಗಾಣದ ಮೋಟಾರು ಎಷ್ಟು ಸಾರಿ ಚಾಲೂ ಆದರೂ ರಿಗ್ಗಿಗೆ ತಿಳಿಯುವುದಿಲ್ಲ. ಕರೆಂಟು ಹೋದರೂ ಮಾತು ನಿಲ್ಲುವುದಿಲ್ಲ. ಬಹುತೇಕ ರಿಗ್ಗುಗಳು 13.8 ವೋಲ್ಟಿನ ಆಚೀಚೆ ಶೇ. 15ರಷ್ಟನ್ನು ಸಹಿಸುತ್ತವೆ. ಬ್ಯಾಟರಿಯ ತುದಿಯಲ್ಲಿಯೇ ಫ್ಯೂಸ್ ಇರಬೇಕೆಂಬುದನ್ನು ಮರೆಯಬಾರದು. ಐಸೊಲೇಷನ್ ಕಂಡೀಷನರು ಆ ಎಸ್‌ಎಂಪಿಎಸ್‌ನ ಮುಂದೆ ಕೂತು ಸರ್ಜುಗಳನ್ನು ತಡೆಯುತ್ತದೆ. ಎರಡೂ ಸೇರಿದಾಗ ನಿಲಯಕ್ಕೆ ಬೇಕಾದದ್ದೆಲ್ಲ ದೊರೆಯುತ್ತದೆ.

ಅರ್ಥಿಂಗಿನಲ್ಲಿ ರಾಜಿ ಮಾಡಿಕೊಳ್ಳಬಾರದು. ಸೆಕೆಂಡರಿಯನ್ನು ಅರ್ಥಿಗೆ ಸೇರಿಸದೆ ತೇಲಲು ಬಿಟ್ಟರೆ ಮೊದಲ ಸೋರಿಕೆಗೆ, ಸೋರಿಕೆ ಕಂಡೊಡನೆ ಕರೆಂಟು ಕಡಿಯಬೇಕಾದ ಆರ್‌ಸಿಸಿಬಿ ಬೀಳುವುದಿಲ್ಲ. ಸೇರಿಸಿ, ಅದರ ಹೊರಬದಿಯಲ್ಲಿ ಪ್ರತ್ಯೇಕ ಆರ್‌ಸಿಸಿಬಿ ಹಾಕಿಸಿದರೆ ರಕ್ಷಣೆ ಪೂರ್ಣ. ಆಂಟೆನಾದ ಅರ್ಥ್ ರಾಡು ಮತ್ತು ಮನೆಯ ಅರ್ಥ್ ಗುಂಡಿಯನ್ನು ದಪ್ಪ ತಾಮ್ರದ ಪಟ್ಟಿಯಿಂದ ಒಂದುಗೂಡಿಸಬೇಕು. ಗುಂಯ್‌ಗುಡುವಿಕೆ ಹೋಗಲಿ ಎಂದು ಅರ್ಥ್ ತಂತಿಯನ್ನು ಕತ್ತರಿಸುವ ಅಭ್ಯಾಸ ಪ್ರಾಣಕ್ಕೆ ಎರವಾಗುತ್ತದೆ. ಈ ಕೆಲಸಗಳನ್ನು ಭಾರತೀಯ ಮಾನಕ ಐಎಸ್ 3043ನ್ನು ಬಲ್ಲ, ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸಬೇಕು.

ಕಂಡೀಷನರು ಕಾಪಾಡಲಾಗದ ಎರಡು ಸಂದರ್ಭಗಳೂ ಇವೆ. ಕಂಬದಲ್ಲಿ ನ್ಯೂಟ್ರಲ್ ಕಡಿದರೆ ಮನೆಗೆ 400 ವೋಲ್ಟಿನವರೆಗೂ ನುಗ್ಗಬಹುದು. ಆಗ ಎಂಓವಿಗಳು ಸುಟ್ಟುಹೋಗುತ್ತವೆ. ಆದ್ದರಿಂದ ಕಂಡೀಷನರಿಗಿಂತ ಮುಂಚೆ 265 ವೋಲ್ಟಿಗೆ ಕಡಿಯುವ ಓವರ್ ವೋಲ್ಟೇಜ್ ರಿಲೇ ಬೇಕೇಬೇಕು. ಇನ್ನು ಏಪ್ರಿಲ್ ಮತ್ತು ಮೇ ತಿಂಗಳ ಮುಂಗಾರುಪೂರ್ವ ಮಳೆಯ ಗುಡುಗು ಸಿಡಿಲಿಗೆ ಯಾವ ಪೆಟ್ಟಿಗೆಯೂ ಸಾಟಿಯಲ್ಲ. ಮೋಡ ಕವಿಯುವ ಮೊದಲೇ ಕೋಆಕ್ಸನ್ನು ಬಿಚ್ಚಿ ಪ್ಲಗ್ಗನ್ನು ಕೀಳಬೇಕು.

ಈಗ ನನ್ನಲ್ಲಿ ಐಸೊಲೇಷನ್ ಪೆಟ್ಟಿಗೆ ಮೇಜಿನ ಕೆಳಗೆ ಕಾಯಂ ಆಗಿದೆ. ಎಂಓವಿ, ಎಂಸಿಬಿ, ರಿಲೇ ಎಲ್ಲ ಸೇರಿ ಒಟ್ಟು ಖರ್ಚು 6,500 ರೂಪಾಯಿಯೊಳಗೆ ಮುಗಿದಿದ್ದು, ಅದೇ ಹಣಕ್ಕೆ ಮತ್ತೆ ಕೊಳ್ಳಲು ಸಿದ್ಧನಿದ್ದೇನೆ. ಸಿವಿಟಿಯನ್ನು ಪಕ್ಕದ ಕೋಣೆಯ ಕೆಲಸದ ಮೇಜಿಗೆ ಕೊಟ್ಟಿದ್ದೇನೆ. ಅಲ್ಲಿ ಸಿಗ್ನಲ್ ಜನರೇಟರು, ಹಳೆಯ ವಾಲ್ವ್ ರಿಸೀವರು, ಫ್ರೀಕ್ವೆನ್ಸಿ ಕೌಂಟರುಗಳಂಥ ಸಣ್ಣ, ಸ್ಥಿರ ಹೊರೆಗಳಿಗೆ ಅದು ಬಲು ಚೆನ್ನಾಗಿ ಹೊಂದಿಕೊಂಡಿದೆ. ವಾಲ್ವುಗಳ ಫಿಲಮೆಂಟು ಬಾಳಿಕೆ ಬರಲು ಸ್ಥಿರ ವೋಲ್ಟೇಜು ಬಹಳ ಸಹಾಯಕ. ಕೆಲಸವಿದ್ದಾಗ ಮಾತ್ರ ಅದರ ಸ್ವಿಚ್ ಹಾಕುತ್ತೇನೆ. ಮೈಸೂರಿನ ಗುಜರಿಗೆ ಹೋಗುವವರು ಮೆಗ್ಗರು, ಮೀಟರು ಮತ್ತು ಟಾರ್ಚನ್ನು ಒಯ್ಯಬೇಕು. ಟಾರ್ಚ್ ಏಕೆಂದರೆ, ನಾಮಫಲಕದಲ್ಲಿ 230 ವೋಲ್ಟ್, 50 ಹರ್ಟ್ಸ್ ಎಂಬ ಎರಡು ಅಂಕಿಗಳನ್ನು ಕಣ್ಣಾರೆ ಓದಿದ ಮೇಲಷ್ಟೇ ಬೆಲೆಯ ಮಾತು ಆರಂಭಿಸಬೇಕು.